ಗುಡಿ ಕಟ್ಟಿದವರ ಹೆಸರು ಕಲ್ಲಿನ ಮ್ಯಾಲ, ದೀಪದ ಎಣ್ಣಿ ಯಾರದು?

ಶಿರಗುಪ್ಪಿಯಿಂದ ಮಾತಾಡಾಕತ್ತೀನಿ. ಬಸ್ಸಿನಾಗ, ಹಾಸ್ಟೆಲ್ ರೂಮಿನಾಗ, ಕಾರ್ಖಾನಿಯ ರಾತ್ರಿ ಪಾಳಿ ಮುಗಿಸಿ ಮನಿಗೆ ಹೋಗೋ ದಾರಿಯೊಳಗ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಒಂದೇ. ದೊಡ್ಡ ದೊಡ್ಡ ಆಟಗಾರರು ಮಕ್ಕಳ ಆಸ್ಪತ್ರೆಗೆ, ಮಕ್ಕಳ ಚಿಕಿತ್ಸೆಗೆ ದುಡ್ಡು ಕೊಡ್ತಾರ. ಸುದ್ದಿ ಬರ್ತದ, ನಾವು ಹಾರ್ಟ್ ಒತ್ತತೀವಿ, ಸ್ಟೇಟಸ್ ಹಾಕ್ತೀವಿ, ಮುಂದಕ್ಕ ಹೋಗ್ತೀವಿ. ಆ ದುಡ್ಡು ಆಮ್ಯಾಲ ಏನಾಗ್ತದ? ಅದರಿಂದ ಏನು ಆಗ್ತದ, ಏನು ಆಗಂಗಿಲ್ಲ? ನಾನು ಬಿ.ಕಾಂ. ಓದಿದವ, ಡಾಕ್ಟರ್ ಅಲ್ಲ. ಹಂಗಾಗಿ ಯಾವ ರೋಗಕ್ಕ ಯಾವ ಔಷಧಿ ಅಂತ ಹೇಳಂಗಿಲ್ಲ. ನಾನು ನೋಡೋದು ಲೆಕ್ಕದ ಪುಸ್ತಕ. ಇವತ್ತು ಆ ಪುಸ್ತಕನೇ ತೆಗೀತೀನಿ.

ಮೊದಲು ಒಬ್ಬ ಬಾಕ್ಸರ್ ಕತಿ. ನಮ್ಮ ಕಡೆ ಬಾಕ್ಸಿಂಗ್ ಅಂದ್ರ ಫೋನಿನಾಗ ನೋಡೋದು ಅಷ್ಟ. ನಮ್ಮದು ಕುಸ್ತಿ, ಕೆಮ್ಮಣ್ಣಿನ ಕಣ, ಜಾತ್ರಿ, ಮೈಕಿನಾಗ ಕೂಗಿ ಹೇಳೋ ಇನಾಮು. ಆದ್ರೂ ತನ್ನ ಊರಿನ ಆಸ್ಪತ್ರೆಗೆ ಕೊಟ್ಟ ಆಟಗಾರ ಯಾರು ಅಂದ್ರ ನನಗ ಮೊದಲು ನೆನಪಾಗೋದು ಆಸ್ಕರ್ ಡಿ ಲಾ ಹೋಯಾ. ಅಮೆರಿಕದ ಪೂರ್ವ ಲಾಸ್ ಏಂಜಲೀಸ್‌ನವನು. ಅದು ಮೆಕ್ಸಿಕೊದಿಂದ ಬಂದ ಕುಟುಂಬಗಳು ತುಂಬಿರೋ ಪ್ರದೇಶ. ಮನಿಯೊಳಗ ಒಂದು ಭಾಷೆ, ಆಫೀಸಿನಾಗ ಇನ್ನೊಂದು ಭಾಷೆ. ಕಾಗವಾಡ, ಮಿರಜ ನಡುವ ಓಡಾಡೋ ನಮಗ ಇದು ಬಿಡಿಸಿ ಹೇಳಬೇಕಾಗಿಲ್ಲ.

ಅವನ ತಾಯಿ ಸಿಸಿಲಿಯಾ 1990ರಲ್ಲಿ ಸ್ತನ ಕ್ಯಾನ್ಸರ್‌ನಿಂದ ತೀರಿಹೋದರು. ಎರಡು ವರ್ಷದ ನಂತರ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಮಗ ಚಿನ್ನ ಗೆದ್ದ. ಆಮೇಲೆ ವೃತ್ತಿಪರ ಬಾಕ್ಸಿಂಗ್‌ಗೆ ಬಂದು ಆರು ಬೇರೆ ಬೇರೆ ತೂಕದ ವಿಭಾಗಗಳಲ್ಲಿ ವಿಶ್ವ ಪ್ರಶಸ್ತಿ ಗೆದ್ದ, ಕೈತುಂಬ ದುಡ್ಡು ಮಾಡಿದ. ಅವನೂ, ಅವನ ಒಡಹುಟ್ಟಿದವರೂ ಸೇರಿ ತಮ್ಮ ಕಡೆಯ ವೈಟ್ ಮೆಮೋರಿಯಲ್ ಆಸ್ಪತ್ರೆಗೆ 3 ಲಕ್ಷ 50 ಸಾವಿರ ಡಾಲರ್ ಕೊಟ್ಟರು. ತಾಯಿಯ ಹೆಸರಲ್ಲಿ ಒಂದು ಕ್ಯಾನ್ಸರ್ ಕೇಂದ್ರ ಆಯಿತು. ಅಲ್ಲಿಗೇ ಬಿಡಲಿಲ್ಲ. ಮುಂದೆ ಅದೇ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೂ, ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೂ ಕೊಟ್ಟ. ಅಂದ್ರ ತಾಯಿಗೆ ತನ್ನಿಂದ ಮಾಡಲಿಕ್ಕಾಗದ್ದನ್ನ ಊರಿನ ಬೇರೆ ತಾಯಂದಿರಿಗೆ, ಅವರ ಕೂಸುಗಳಿಗೆ ಮಾಡಿದ.

ಇದು ಒಂದು ರೀತಿಯ ಕೊಡುಗೆ. ಇದನ್ನ ಗುಡಿ ಕಟ್ಟಿಸೋ ಕೊಡುಗೆ ಅಂತ ಇಟ್ಕೊಳ್ಳೋಣ. ಗೋಡೆ, ಯಂತ್ರ, ಹಾಸಿಗೆ. ಬಾಗಿಲ ಮ್ಯಾಲ ಹೆಸರು.

ಎರಡನೆಯದು ನಮ್ಮವರದೇ. ಕೆ.ಎಲ್. ರಾಹುಲ್. ಮಂಗಳೂರು ಹತ್ತಿರದ ಸುರತ್ಕಲ್‌ನಲ್ಲಿ ಬೆಳೆದ ಹುಡುಗ, ಕರ್ನಾಟಕದ ಪರ ಆಡಿ ಭಾರತ ತಂಡಕ್ಕೆ ಹೋದವರು. 2022ರ ಫೆಬ್ರವರಿ ಸುದ್ದಿ ಇದು. ಮಹಾರಾಷ್ಟ್ರದ ಒಬ್ಬ 11 ವರ್ಷದ ಹುಡುಗ, ಕ್ರಿಕೆಟ್ ಅಂದ್ರ ಪ್ರಾಣ. ಅವನಿಗೆ ಅಪ್ಲಾಸ್ಟಿಕ್ ಅನೀಮಿಯಾ. ಎಲುಬಿನ ಒಳಗಿನ ಮಜ್ಜೆ ರಕ್ತಕಣ ತಯಾರಿಸೋದನ್ನೇ ನಿಲ್ಲಿಸಿಬಿಡೋ ಕಾಯಿಲೆ. ಮುಂಬೈನ ಜಸ್ಲೋಕ್ ಆಸ್ಪತ್ರೆಯಲ್ಲಿ ಚಿಕಿತ್ಸೆ. ಮಜ್ಜೆಯ ಕಸಿ ಆಗಲೇಬೇಕಿತ್ತು. ಬೇಕಾದ ಮೊತ್ತ 35 ಲಕ್ಷ. ಅಪ್ಪನ ಪಿಎಫ್ ದುಡ್ಡೂ ಖರ್ಚಾಗಿತ್ತು. 2021ರ ಡಿಸೆಂಬರ್‌ನಲ್ಲಿ ಗಿವ್‌ಇಂಡಿಯಾ ವೇದಿಕೆಯಲ್ಲಿ ದೇಣಿಗೆ ಕೇಳಿದರು. ವಿಷಯ ರಾಹುಲ್ ಅವರ ತಂಡಕ್ಕೆ ಗೊತ್ತಾಯಿತು. ರಾಹುಲ್ 31 ಲಕ್ಷ ಕೊಟ್ಟರು. ಕಸಿ ಆಯಿತು, ಹುಡುಗ ಚೇತರಿಸಿಕೊಂಡ.

ಇಲ್ಲಿ ಗೋಡೆ ಇಲ್ಲ, ಫಲಕ ಇಲ್ಲ, ಕೊಟ್ಟವರ ಊರಿನ ಆಸ್ಪತ್ರೆಯೂ ಅಲ್ಲ. ಒಂದು ಮಗು, ಒಂದು ಬಿಲ್ಲು, ನಡುವ ಒಂದು ದೊಡ್ಡ ಗುಂಡಿ. ಆ ಗುಂಡಿ ತುಂಬಿದರು. ಇದು ಬಾಕಿ ತುಂಬೋ ಕೊಡುಗೆ.

ಮೂರನೆಯದು ಸುನಿಲ್ ಗವಾಸ್ಕರ್ ಅವರದು. 2020ರ ಜುಲೈ 10, ಅವರ 71ನೇ ಹುಟ್ಟುಹಬ್ಬ. ಅವತ್ತು ಅವರು 35 ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಖರ್ಚು ಹೊತ್ತುಕೊಂಡರು. ನವಿ ಮುಂಬೈನ ಖಾರ್ಘರ್‌ನ ಶ್ರೀ ಸತ್ಯ ಸಾಯಿ ಸಂಜೀವನಿ ಮಕ್ಕಳ ಹೃದಯ ಆಸ್ಪತ್ರೆಯಲ್ಲಿ. 35 ಯಾಕ? ಟೆಸ್ಟ್‌ನಲ್ಲಿ 34 ಶತಕ, ಒಂದು ದಿನದ ಪಂದ್ಯದಲ್ಲಿ 1. ಭಾರತಕ್ಕಾಗಿ ಹೊಡೆದ ಒಂದೊಂದು ಶತಕಕ್ಕೂ ಒಂದೊಂದು ಮಗು. ಹುಟ್ಟುವ ಪ್ರತಿ 1000 ಮಕ್ಕಳಲ್ಲಿ ಸುಮಾರು 8ರಿಂದ 10 ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೋಷ ಇರ್ತದ. ಅವರಲ್ಲಿ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗಂಗಿಲ್ಲ. ಬೇಕಾದವರಿಗೆ ಸರಿಯಾದ ವಯಸ್ಸಿನಾಗ ಆದ್ರ ಮುಂದ ಎಲ್ಲರಂಗ ಸಾಲಿಗೆ ಹೋಗ್ತಾರ, ಓಡತಾರ, ಆಡತಾರ.

ಇದು ಎಣಿಸಿ ಕೊಡೋ ಕೊಡುಗೆ. ಒಂದು ಶಸ್ತ್ರಚಿಕಿತ್ಸೆಗೆ ಇಷ್ಟು, ಅಂಥವು ಇಷ್ಟು. ಕಾಮರ್ಸ್ ಓದಿದವರಿಗೆ ಇದು ಭಾಳ ಹಿಡಿಸ್ತದ, ಯಾಕಂದ್ರ ಕೊಟ್ಟದ್ದು ಏನಾಯ್ತು ಅಂತ ಎಣಿಸಿ ತೋರಿಸಬಹುದು.

ಈಗ ನಿಜವಾದ ಪ್ರಶ್ನೆಗೆ ಬರೋಣ.

ನಮ್ಮ ಊರಾಗ ಗುಡಿ ಜೀರ್ಣೋದ್ಧಾರ ಅಂತ ಪಟ್ಟಿ ಹಾಕಿದ್ರ ದುಡ್ಡು ಬರ್ತದ. ಕಳಸಕ್ಕ ಒಬ್ಬರು, ಬಾಗಿಲಕ್ಕ ಒಬ್ಬರು, ಗ್ರಾನೈಟಿಗೆ ಒಬ್ಬರು. ಎಲ್ಲರ ಹೆಸರೂ ಕಲ್ಲಿನ ಮ್ಯಾಲ. ಆದ್ರ ಅದೇ ಗುಡಿಯೊಳಗ ದಿನಾ ಸಂಜಿಗೆ ಹಚ್ಚೋ ದೀಪದ ಎಣ್ಣಿ ಯಾರು ಕೊಡ್ತಾರ? ಅದಕ್ಕ ಕಲ್ಲಿಲ್ಲ, ಮೈಕಿಲ್ಲ. ಆದ್ರ ಆ ಎಣ್ಣಿ ನಿಂತ ದಿನ ಗುಡಿ ಕತ್ತಲಿ.

ಲೆಕ್ಕಶಾಸ್ತ್ರದಾಗ ಇದಕ್ಕ ಎರಡು ಹೆಸರು ಅದಾವ. ಕ್ಯಾಪಿಟಲ್ ಖರ್ಚು, ರೆವಿನ್ಯೂ ಖರ್ಚು. ಕಟ್ಟಡ, ವೆಂಟಿಲೇಟರ್, ಇನ್‌ಕ್ಯುಬೇಟರ್, ಇವೆಲ್ಲ ಕ್ಯಾಪಿಟಲ್. ಒಮ್ಮೆ ಖರ್ಚು, ಭಾಳ ವರ್ಷ ಬಾಳಿಕೆ. ಸಿಸ್ಟರ್‌ಗಳ ಸಂಬಳ, ಆಕ್ಸಿಜನ್, ಕರೆಂಟು, ಔಷಧಿ, ಯಂತ್ರದ ರಿಪೇರಿ, ಇವೆಲ್ಲ ರೆವಿನ್ಯೂ. ತಿಂಗಳ ತಿಂಗಳ ಬೇಕು, ತಪ್ಪಂಗಿಲ್ಲ. ಸ್ಟಾರ್‌ಗಳ ದುಡ್ಡು ಹೆಚ್ಚಾಗಿ ಮೊದಲನೇ ಖಾತೆಗೆ ಹೋಗ್ತದ, ಯಾಕಂದ್ರ ಅದರ ಫೋಟೋ ತೆಗೀಬಹುದು. ಆದ್ರ ಮಕ್ಕಳ ಆಸ್ಪತ್ರೆ ಉಸಿರಾಡೋದು ಎರಡನೇ ಖಾತೆಯಿಂದ.

ಒಂದು ಸಣ್ಣ ಲೆಕ್ಕ ಮಾಡೋಣ. ಅಂಕಿ ನನ್ನ ಅಂದಾಜು, ತಿಳಿಯಲಿ ಅಂತ ಹಾಕ್ಕೊಂಡದ್ದು. ಹುಟ್ಟಿದ ಕೂಸುಗಳ ಐಸಿಯು ನಡೀಬೇಕಂದ್ರ 24 ತಾಸು, ಮೂರು ಪಾಳಿ. ರಜಾ, ವಾರದ ಸೂಟಿ ಎಲ್ಲಾ ಹಿಡಿದು ಒಂದು ಸಣ್ಣ ಘಟಕಕ್ಕ 10 ಮಂದಿ ಸಿಸ್ಟರ್ ಅಂತ ಇಟ್ಕೊಳ್ರಿ. ಒಬ್ಬರಿಗೆ ತಿಂಗಳಿಗೆ 25 ಸಾವಿರ. ಒಟ್ಟು ತಿಂಗಳಿಗೆ 2 ಲಕ್ಷ 50 ಸಾವಿರ. ವರ್ಷಕ್ಕ 30 ಲಕ್ಷ.

ಈಗ ರಾಹುಲ್ ಕೊಟ್ಟ ಮೊತ್ತ ನೆನಪ ಮಾಡ್ಕೊಳ್ರಿ. 31 ಲಕ್ಷ. ಒಂದು ಮಗುವಿನ ಕಸಿ, ಅಥವಾ ಒಂದು ಸಣ್ಣ ಘಟಕದ ಎಲ್ಲಾ ಸಿಸ್ಟರ್‌ಗಳ ಒಂದು ವರ್ಷದ ಸಂಬಳ. ಹೆಚ್ಚುಕಡಿಮೆ ಒಂದೇ ದುಡ್ಡು.

ಹಂಗಾದ್ರ ರಾಹುಲ್ ಮಾಡಿದ್ದು ತಪ್ಪಾ ಅಂತ ಕೇಳಬ್ಯಾಡ್ರಿ. ತಪ್ಪಲ್ಲ. ಸಾಯೋ ಸ್ಥಿತಿಯೊಳಗ ಇರೋ ಕೂಸಿನ ಮುಂದ ನಿಂತು ಸರಾಸರಿ ತೆಗೆಯೋದು ಮನುಷ್ಯರ ಕೆಲಸ ಅಲ್ಲ. ನಾನು ಹೇಳೋದು ಇಷ್ಟ: ಆ ಹುಡುಗ ಜಸ್ಲೋಕ್‌ಗೆ ಹೋಗಿ ಮಲಗಿದಾಗ ಅಲ್ಲಿ ವಾರ್ಡ್ ಇತ್ತು, ಸಿಸ್ಟರ್ ಇದ್ದರು, ರಕ್ತನಿಧಿ ಇತ್ತು. ಅದೆಲ್ಲ ಮೊದಲೇ ಯಾರೋ, ವರ್ಷಾನುಗಟ್ಟಲೆ, ನಡೆಸಿಕೊಂಡು ಬಂದಿದ್ದರು. ಅದಿಲ್ಲದಿದ್ರ 31 ಲಕ್ಷ ಕೈಯಾಗ ಹಿಡ್ಕೊಂಡು ಎಲ್ಲಿಗೆ ಹೋಗಬೇಕು?

ನಮ್ಮ ಕಣ್ಣ ಮುಂದಿನ ಉದಾಹರಣಿನೇ ಐತಿ. ಮಿರಜದ ವಾನ್ಲೆಸ್ ಆಸ್ಪತ್ರೆ. ನಮ್ಮ ಹಳ್ಳಿಗಳ ಹಿರಿಯರ ಬಾಯಾಗ ಅದು ‘ಮಿಷನ್ ದವಾಖಾನಿ’. ಡಾಕ್ಟರ್ ವಿಲಿಯಂ ವಾನ್ಲೆಸ್ ಅನ್ನೋ ಮಿಷನರಿ ವೈದ್ಯರು 1894ರಲ್ಲಿ ಶುರು ಮಾಡಿದ್ದು. ಕಟ್ಟಡಕ್ಕ ದುಡ್ಡು ಕೊಟ್ಟವರು ಜಾನ್ ಕನ್ವರ್ಸ್, ಅಮೆರಿಕದ ಫಿಲಡೆಲ್ಫಿಯಾದಾಗ ರೈಲ್ವೆ ಎಂಜಿನ್ ತಯಾರಿಸೋ ಕಂಪನಿ ನಡೆಸುತ್ತಿದ್ದವರು. ಕನ್ವರ್ಸ್ ಅವರ ಹೆಸರು ಇವತ್ತು ನಮ್ಮ ಕಡೆ ಯಾರಿಗೆ ಗೊತ್ತು? ವಾನ್ಲೆಸ್ ಹೆಸರು ಮಾತ್ರ ಉಳೀತು. ಯಾಕಂದ್ರ ಅವರು ಸುಮಾರು ನಾಲ್ಕು ದಶಕ ಈ ನಾಡಿನಾಗೇ ಇದ್ದು ದುಡಿದರು. ಮಿರಜ ವೈದ್ಯಕೀಯದ ಊರು ಆಗಿದ್ದು ಒಂದು ಚೆಕ್ಕಿನಿಂದ ಅಲ್ಲ. ಚೆಕ್ಕು ಬೇಕಾಗಿತ್ತು, ಖರೆ. ಆದ್ರ ಅದರ ಹಿಂದ ದಿನಾ ಬಾಗಿಲ ತೆರೆಯೋ ಮಂದಿ ಬೇಕಾಗಿತ್ತು.

ದೀಪದ ಎಣ್ಣಿಗೆ ಸ್ಟಾರ್‌ಗಳು ಕೊಡೋ ಒಂದು ದಾರಿ ಐತಿ, ಅದನ್ನ ಕಾರ್ಪಸ್ ಅಂತಾರ. ದುಡ್ಡನ್ನ ಠೇವಣಿ ಇಡೋದು, ಬಡ್ಡಿಯಿಂದ ನಡೆಸೋದು. ನಮ್ಮ 10 ಸಿಸ್ಟರ್‌ಗಳ ಲೆಕ್ಕ ತಗೊಳ್ರಿ. ವರ್ಷಕ್ಕ 30 ಲಕ್ಷ ಬಡ್ಡಿ ಬರಬೇಕು, ಬಡ್ಡಿ ಶೇಕಡಾ 7 ಅಂದ್ರ ಠೇವಣಿ ಸುಮಾರು 4 ಕೋಟಿ 30 ಲಕ್ಷ ಬೇಕು. 2024ರ ಆಗಸ್ಟ್‌ನಲ್ಲಿ ರಾಹುಲ್ ಮತ್ತು ಅಥಿಯಾ ಶೆಟ್ಟಿ ಕ್ರಿಕೆಟಿಗರ ಬ್ಯಾಟು, ಜರ್ಸಿ ಹರಾಜು ಹಾಕಿದ್ದು ನೆನಪಿರಬಹುದು. ವಿರಾಟ್ ಕೊಹ್ಲಿ ಜರ್ಸಿ ಒಂದೇ 40 ಲಕ್ಷಕ್ಕ ಹೋಯ್ತು. ಒಟ್ಟು ಬಂದದ್ದು 1 ಕೋಟಿ 93 ಲಕ್ಷ. ಅದು ವಿಪ್ಲಾ ಫೌಂಡೇಶನ್‌ಗೆ ಹೋಯ್ತು, ಕಿವಿ ಕೇಳದ, ಬುದ್ಧಿ ಬೆಳವಣಿಗೆಯ ತೊಂದರೆ ಇರೋ ಮಕ್ಕಳ ಕೆಲಸಕ್ಕ. ಇಷ್ಟು ದೊಡ್ಡ ಹರಾಜಿನ ದುಡ್ಡು ಪೂರ್ತಿ ಠೇವಣಿ ಇಟ್ರೂ ನಮ್ಮ ಸಣ್ಣ ಘಟಕದ ಸಂಬಳದ ಅರ್ಧ ಸಹಿತ ಬಡ್ಡಿಯಿಂದ ಬರಂಗಿಲ್ಲ. ಸಂಬಳ ಅನ್ನೋದು ಅಷ್ಟು ಭಾರ.

ಆದ್ರ ಇದೇ ಲೆಕ್ಕವನ್ನ ತಿರುಗಿಸಿ ನೋಡ್ರಿ. ತಿಂಗಳಿಗೆ 2 ಲಕ್ಷ 50 ಸಾವಿರ ಬೇಕು. 1000 ಮಂದಿ, ತಲಾ 250 ರೂಪಾಯಿ. ಅಷ್ಟ. ಒಂದು ಮೊಬೈಲ್ ರೀಚಾರ್ಜ್. ಒಬ್ಬ ಸ್ಟಾರ್‌ಗೆ ಕಷ್ಟ ಆಗಿರೋ ಎಣ್ಣಿ 1000 ಹುಡುಗರಿಗೆ ಕಷ್ಟ ಅಲ್ಲ. ಗಣಪತಿ ಮಂಡಳಿಯೊಳಗ ನಾವು ಎತ್ತೋ ಪಟ್ಟಿ ಎಷ್ಟು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಇನ್ನ ದುಡ್ಡಿನಿಂದ ಆಗದ ಒಂದು ವಿಷಯ. ಅಪ್ಲಾಸ್ಟಿಕ್ ಅನೀಮಿಯಾ, ರಕ್ತದ ಕ್ಯಾನ್ಸರ್, ಡೆಂಗಿ ಜಾಸ್ತಿ ಆದಾಗ, ಮಕ್ಕಳಿಗೆ ಪ್ಲೇಟ್‌ಲೆಟ್ ಬೇಕಾಗಬಹುದು. ಪ್ಲೇಟ್‌ಲೆಟ್ ಅಂಗಡಿಯಾಗ ಸಿಗಂಗಿಲ್ಲ, ಕಾರ್ಖಾನಿಯಾಗ ತಯಾರಾಗಂಗಿಲ್ಲ. ರಕ್ತನಿಧಿಯೊಳಗ ಇಟ್ರೂ ಸಾಮಾನ್ಯವಾಗಿ 5 ದಿನ ಅಷ್ಟ ಬಾಳ್ತದ. ಅಂದ್ರ ಜಯಂತಿ ದಿನ 300 ಮಂದಿ ಸಾಲು ನಿಂತು ಕೊಟ್ಟ ರಕ್ತದಾಗಿನ ಪ್ಲೇಟ್‌ಲೆಟ್ ಮುಂದಿನ ವಾರ ಬರೋ ಕೂಸಿಗೆ ಇಲ್ಲ. ಒಂದೇ ದಿನ 300 ಮಂದಿಗಿಂತ, ವಾರಕ್ಕ 6 ಮಂದಿ, ವರ್ಷಪೂರ್ತಿ. ಎರಡೂ ಸುಮಾರು 300ನೇ. ಎರಡನೆಯದು ಉಪಯೋಗ ಹೆಚ್ಚು. ಇದೂ ಎಣ್ಣಿಯ ಲೆಕ್ಕನೇ. 18 ವರ್ಷ ದಾಟಿರಬೇಕು, ತೂಕ 45 ಕಿಲೋಗಿಂತ ಕಡಿಮೆ ಇರಬಾರದು, ಉಳಿದದ್ದು ರಕ್ತನಿಧಿಯವರು ಪರೀಕ್ಷೆ ಮಾಡಿ ಹೇಳ್ತಾರ.

ಮಜ್ಜೆಯ ಕಸಿಯೂ ಹಂಗ. ಕಸಿ ಆಗಬೇಕಂದ್ರ ಕೊಡೋರ ಜೀವಕೋಶದ ಗುರುತು ರೋಗಿಯ ಗುರುತಿಗೆ ಹೊಂದಬೇಕು. ಒಡಹುಟ್ಟಿದವರೊಬ್ಬರದು ಪೂರ್ತಿ ಹೊಂದೋ ಸಾಧ್ಯತೆ ನಾಲ್ಕರಲ್ಲಿ ಒಂದು. ಮನಿಯೊಳಗ ಸಿಗದಿದ್ರ ಹೊರಗಿನವರನ್ನ ಹುಡುಕಬೇಕು. ಅದಕ್ಕ ದಾನಿಗಳ ನೋಂದಣಿ ಪಟ್ಟಿ ಅದಾವ. ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್. ಕೆನ್ನೆಯ ಒಳಭಾಗಕ್ಕ ಹತ್ತಿ ಕಡ್ಡಿ ತಾಗಿಸಿ ಮಾದರಿ ಕೊಟ್ರ ಸಾಕು, ಹೆಸರು ಸೇರ್ತದ. ಎಷ್ಟ ಕೋಟಿ ಇದ್ರೂ ಯಾವ ಸ್ಟಾರೂ ಕೊಂಡು ತರಲಿಕ್ಕಾಗದ ವಸ್ತು ಇದು. ಶಿರಗುಪ್ಪಿಯ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಹತ್ತಿರ ಇರಬಹುದು.

ಈಗ ಅತಿ ಮುಖ್ಯದ ಮಾತು. ರಾಹುಲ್ ಕಣ್ಣಿಗೆ ಬಿದ್ದ ಮಗು ಉಳೀತು. ಕಣ್ಣಿಗೆ ಬೀಳದ ಮಕ್ಕಳು? ಫೋಟೋ ಇಲ್ಲ, ವಿಡಿಯೋ ಇಲ್ಲ, ಇಂಗ್ಲಿಷಿನಾಗ ಬರೆಯೋರಿಲ್ಲ. ಕಬ್ಬು ಕಡಿಯೋರ ಗುಡಿಸಲಿನ ಕೂಸು. ಅವರಿಗೆ ಸ್ಟಾರ್ ಬರೋತನಕ ಕಾಯೋದು ದಾರಿ ಅಲ್ಲ. ನಮ್ಮ ಹಕ್ಕಿನ ದಾರಿಗಳು ಅದಾವ, ಅವನ್ನ ಮೊದಲು ಬಡಿಯಬೇಕು. ಬರೆದಿಟ್ಕೊಳ್ರಿ.

ಒಂದು. ಕೂಸು ಹುಟ್ಟಿ ಒಂದು ವರ್ಷದ ಒಳಗ ಇದ್ರ, ಸರ್ಕಾರಿ ಆಸ್ಪತ್ರೆಯೊಳಗ ಚಿಕಿತ್ಸೆ, ಔಷಧಿ, ಹೋಗಿ ಬರೋ ವಾಹನ ಎಲ್ಲಾ ಉಚಿತ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಅದು. ಜಿಲ್ಲಾ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಸುಗಳಿಗೇ ಬೇರೆ ಘಟಕ ಇರ್ತದ, ಎಸ್‌ಎನ್‌ಸಿಯು ಅಂತಾರ. ತುರ್ತಿದ್ರ 108.

ಎರಡು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಐತಿ. ಹುಟ್ಟಿನಿಂದ 18 ವರ್ಷದ ತನಕ. ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕ ಎರಡು ಸಲ, ಸರ್ಕಾರಿ ಸಾಲಿಗೆ ಒಂದು ಸಲ ಬರಬೇಕು. ಹೃದಯದ ದೋಷ, ಸೀಳುತುಟಿ, ವಕ್ರಪಾದ, ಕಿವಿ ಕೇಳದಿರೋದು, ಇವನ್ನ ಗುರುತಿಸಿ ಮುಂದಕ್ಕ ಕಳಿಸ್ತಾರ, ಶಸ್ತ್ರಚಿಕಿತ್ಸೆಯೂ ಉಚಿತ. ತಂಡ ಬರೋ ದಿನ ಮಗು ಸಾಲಿ ತಪ್ಪಿಸಿದ್ರ ಒಂದು ವರ್ಷ ಹೋದಂಗ. ಅಂಗನವಾಡಿ ಅಕ್ಕಾರನ್ನೋ, ಆಶಾ ಅಕ್ಕಾರನ್ನೋ ಕೇಳ್ರಿ, ತಂಡ ಯಾವಾಗ ಬರ್ತದ ಅಂತ.

ಮೂರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಬಿಪಿಎಲ್ ಕಾರ್ಡಿನ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕ 1 ಲಕ್ಷ 50 ಸಾವಿರದ ತನಕ. ತುರ್ತು ಬಿಟ್ಟು ಉಳಿದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ನಮ್ಮ ಕಡೆಯವರು ಎಡವೋದು ಇಲ್ಲೇ. ನಮಗ ಬೆಳಗಾವಿ ದೂರ, ಮಿರಜ ಹತ್ತಿರ. ಮಗೂಗೆ ಆರಾಮಿಲ್ಲ ಅಂದ್ರ ಗಾಡಿ ತಾನ ಗಡಿ ದಾಟ್ತದ. ಹೋಗಿ ಅಡ್ಮಿಟ್ ಆದ ಮ್ಯಾಲ ಕಾರ್ಡ್ ತೆಗೀತೀವಿ. ಹಂಗ ಮಾಡಬ್ಯಾಡ್ರಿ. ಜೀವದ ತುರ್ತು ಇಲ್ಲದಿದ್ರ ಮೊದಲು ರೆಫರಲ್, ಆಮ್ಯಾಲ ಪ್ರಯಾಣ. ಆಸ್ಪತ್ರೆ ಪಟ್ಟಿಯೊಳಗ ಐತೇನು, ಈ ಚಿಕಿತ್ಸೆಗೆ ಐತೇನು, ಕರ್ನಾಟಕದ ಕಾರ್ಡ್ ಅಲ್ಲಿ ನಡೀತದೇನು, ಈ ಮೂರು ಪ್ರಶ್ನೆ ಆರೋಗ್ಯ ಮಿತ್ರರಿಗೆ ಕೇಳ್ರಿ. ಫೋನ್ ಮಾಡೋದಾದ್ರ 104, ಅಥವಾ 14555.

ನಾಲ್ಕು. ಮಜ್ಜೆಯ ಕಸಿ ಬೇಕಾದ ಮಕ್ಕಳಿಗೆ ಕೋಲ್ ಇಂಡಿಯಾ ಕಂಪನಿಯ ಸಿಎಸ್‌ಆರ್ ದುಡ್ಡಿನಿಂದ ನಡೆಯೋ ಥಲಸ್ಸೀಮಿಯಾ ಬಾಲ ಸೇವಾ ಯೋಜನೆ ಐತಿ. 2017ರಲ್ಲಿ ಶುರುವಾದದ್ದು. ಆಯ್ದ ಆಸ್ಪತ್ರೆಗಳಲ್ಲಿ 10 ಲಕ್ಷದ ತನಕ ಕೊಡ್ತಾರ. ಥಲಸ್ಸೀಮಿಯಾದ ಜೊತೆ ಆಮೇಲೆ ಅಪ್ಲಾಸ್ಟಿಕ್ ಅನೀಮಿಯಾವನ್ನೂ ಸೇರಿಸಿದರು. ಆದಾಯದ ಮಿತಿ ಐತಿ, ಆಸ್ಪತ್ರೆಯವರೇ ಅರ್ಜಿ ತುಂಬಲಿಕ್ಕ ಸಹಾಯ ಮಾಡ್ತಾರ.

ಇಷ್ಟೆಲ್ಲ ಆದ ಮ್ಯಾಲೂ ಬಾಕಿ ಉಳಿದ್ರ, ಆಗ ಮಂದಿ ಮುಂದ ಕೈ ಚಾಚ್ರಿ. ನಾಚಿಕೆ ಬ್ಯಾಡ.

ಕೊಡೋರಿಗೂ ಎರಡು ಮಾತು. ವಾಟ್ಸ್ಯಾಪ್‌ನಾಗ ಕೂಸಿನ ಫೋಟೋ, ಕೆಳಗ ಒಂದು ಯುಪಿಐ ನಂಬರ್ ಬಂದ್ರ ಕಣ್ಣೀರಿನ ಕೈಲೆ ಒತ್ತಬ್ಯಾಡ್ರಿ. ಆಸ್ಪತ್ರೆಗೆ ಫೋನ್ ಹಚ್ರಿ. ಬಿಲ್ಲಿನ ಅಂದಾಜು ಪತ್ರ ಐತೇನು ಕೇಳ್ರಿ. ಆದಷ್ಟು ದುಡ್ಡು ಆಸ್ಪತ್ರೆ ಖಾತೆಗೇ ಹೋಗಲಿ. ಹಳೇ ಪೋಸ್ಟ್ ವರ್ಷಗಟ್ಟಲೆ ತಿರುಗ್ತಿರ್ತಾವ, ದಿನಾಂಕ ನೋಡ್ರಿ. ಇನ್ನ ತೆರಿಗೆ ಕಟ್ಟೋರು: ನೋಂದಾಯಿತ ಸಂಸ್ಥೆಗೆ ಕೊಟ್ರ 80ಜಿ ಅಡಿ ವಿನಾಯಿತಿ ಐತಿ, ಹಳೇ ತೆರಿಗೆ ಪದ್ಧತಿಯವರಿಗೆ ಮಾತ್ರ. 2000 ರೂಪಾಯಿ ಮ್ಯಾಲ ನಗದು ಕೊಟ್ರ ಲೆಕ್ಕಕ್ಕ ಬರಂಗಿಲ್ಲ. ನೇರ ಒಬ್ಬ ವ್ಯಕ್ತಿಗೆ ಕೊಟ್ರ 80ಜಿ ಇಲ್ಲ. ಇಲ್ಲ ಅಂತ ಕೊಡೋದು ಬಿಡಬ್ಯಾಡ್ರಿ, ಗೊತ್ತಿರಲಿ ಅಷ್ಟ.

ಡಿ ಲಾ ಹೋಯಾ ಕಟ್ಟಿಸಿದ, ಗವಾಸ್ಕರ್ ಎಣಿಸಿ ಕೊಟ್ಟರು, ರಾಹುಲ್ ಗುಂಡಿ ತುಂಬಿದರು. ಮೂರೂ ಬೇಕು, ಮೂವರಿಗೂ ದೊಡ್ಡ ನಮಸ್ಕಾರ. ನಮ್ಮ ಕೈಲೆ ಆ ಮೂರೂ ಆಗಲಿಕ್ಕಿಲ್ಲ. ನಾಲ್ಕನೆಯದು ಆಗ್ತದ. ಈ ಎಪಿಸೋಡ್ ಮುಗಿದ ಮ್ಯಾಲ ಒಂದ ಕೆಲಸ ಮಾಡ್ರಿ. ನಿಮ್ಮ ಮಂಡಳಿಯ, ನಿಮ್ಮ ಕ್ಲಾಸಿನ ವಾಟ್ಸ್ಯಾಪ್ ಗ್ರೂಪ್‌ನಾಗ 52 ವಾರದ ಒಂದು ಪಟ್ಟಿ ಹಾಕ್ರಿ. ಪ್ರತಿ ವಾರದ ಮುಂದ ರಕ್ತ ಕೊಡೋ ಆರು ಹೆಸರು, ಅವರ ಬ್ಲಡ್ ಗ್ರೂಪ್. ಒಬ್ಬರ ಹೆಸರು ವರ್ಷಕ್ಕ ಒಂದ ಸಲ ಬಂದ್ರ 312 ಮಂದಿ ಸಾಕು. ಹತ್ತಿರದ ರಕ್ತನಿಧಿಗೆ ಆ ಪಟ್ಟಿ ಕೊಡ್ರಿ. ಫ್ಲೆಕ್ಸ್ ಬ್ಯಾಡ.

ಪಟ್ಟಿ ತಯಾರಾದವರು ನನಗ ಒಂದು ವಾಯ್ಸ್ ಮೆಸೇಜ್ ಕಳಿಸ್ರಿ, ಮುಂದಿನ ಎಪಿಸೋಡ್‌ನಾಗ ಕೇಳಿಸ್ತೀನಿ. ಅಲ್ಲೀತನಕ, ಬರ್ತೀನ್ರಿ. ನಮಸ್ಕಾರ.